ಕಾಗೆಯ ಬುದ್ಧಿ, ಕವಿಗಳ ತೀರ್ಪು

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಘದ ಹಿರಿಯರು ಕೇಳಿದಾಗ, ಕಾಗೆಯನ್ನು ಕುರಿತು ಬರೆಯುತ್ತೇವೆಂದು ನಾವು ಹೇಳಿದೆವು. ಅವರು ಒಂದು ಗಳಿಗೆ ಸುಮ್ಮನಿದ್ದು, “ಕೋಗಿಲೆಯನ್ನು ಕುರಿತು ಬರೆದರೆ ಆಗದೇ?” ಎಂದರು. ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣವಾಯಿತು. ಕೋಗಿಲೆಗೆ ಸಾಹಿತ್ಯದಲ್ಲಿ ಸಂದ ಮನ್ನಣೆಗೆ ಯಾರೂ ಕಾರಣ ಕೇಳುವುದಿಲ್ಲ. ಕಾಗೆಗೆ ಸಂದ ಅವಮಾನಕ್ಕೂ ಕಾರಣ ಕೇಳಿದವರು ವಿರಳ. ಒಂದು ಹಕ್ಕಿಯ ಕೀರ್ತಿ ಅಪಕೀರ್ತಿಗಳು ಹೇಗೆ ಹುಟ್ಟಿದವು, ಯಾರ ಬಾಯಿಂದ ಹುಟ್ಟಿದವು ಎಂದು ಕೇಳುವುದು ವಿಮರ್ಶೆಯ ಕೆಲಸವೇ ಆಗಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ನಮ್ಮ ಸೀಮೆಯಲ್ಲಿ ಈ ಹಕ್ಕಿಗೆ ಎರಡು ಹೆಸರು. ಮನೆಯೊಳಗೆ ಅದು ‘ಕಾಗಿ’, ಪೇಟೆಯಲ್ಲಿ ‘ಕಾವಳಾ’. ಅದರ ಮೇಲೆ ಹೊರಿಸಿರುವ ಮಾತುಗಳನ್ನು ಒಮ್ಮೆ ಎಣಿಸಿ ನೋಡಬಹುದು. ಸುಳ್ಳು ಹೇಳುವವನು ಕಾಗೆ ಹಾರಿಸುತ್ತಾನೆ. ಮೈ ನೆನೆಯದ ಸ್ನಾನ ಕಾಗೆಸ್ನಾನ. ಓದಲಾಗದ ಬರಹ ಕಾಗೆಕಾಲು ಗುಬ್ಬಿಕಾಲು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಗಾದೆಯಲ್ಲಿ, ಮಾಡದ ತಪ್ಪಿನ ಸ್ಥಳದಲ್ಲಿ ಸಿಕ್ಕಿಬೀಳುವುದೂ ಅದೇ ಹಕ್ಕಿ. ಕಾಗೆಯ ಶಾಪಕ್ಕೆ ಆಕಳು ಸಾಯುವುದಿಲ್ಲ ಎಂಬುದು ಮರಾಠಿಯ ಗಾದೆ. ಸಂಸ್ಕೃತದ ಶಾಸ್ತ್ರಕಾರರು ವ್ಯರ್ಥವಾದ ವಿಚಾರಕ್ಕೆ ‘ಕಾಕದಂತಪರೀಕ್ಷೆ’ ಎಂದು ಹೆಸರಿಟ್ಟರು. ಶನಿದೇವರ ವಾಹನವಾದ್ದರಿಂದ ಅದು ಮೈಗೆ ತಾಕಿದರೆ ಅಪಶಕುನ.

ಇಷ್ಟೆಲ್ಲದರ ನಡುವೆ ಒಂದು ಮಾತು ಮಾತ್ರ ಬೇರೆಯಾಗಿ ಉಳಿದಿದೆ. ಒಂದೇ ಪೆಪ್ಪರಮಿಂಟನ್ನು ಅಂಗಿಯ ತುದಿಯಲ್ಲಿ ಸುತ್ತಿ, ಹಲ್ಲಿನಿಂದ ಕಚ್ಚಿ ಎರಡು ಮಾಡಿ, ಅರ್ಧವನ್ನು ಗೆಳೆಯನಿಗೆ ಕೊಡುವುದನ್ನು ಮಕ್ಕಳು ‘ಕಾಗೆ ಎಂಜಲು’ ಎನ್ನುತ್ತಾರೆ. ದೊಡ್ಡವರು ಸುಳ್ಳಿಗೂ ಕೊಳೆಗೂ ವ್ಯರ್ಥಕ್ಕೂ ಕಾಗೆಯ ಹೆಸರಿಟ್ಟಿದ್ದರೆ, ಮಕ್ಕಳು ಹಂಚಿ ತಿನ್ನುವುದಕ್ಕೆ ಅದರ ಹೆಸರಿಟ್ಟರು. ಈ ಅಂತರ ನಮ್ಮ ಸಾಹಿತ್ಯದಲ್ಲಿಯೂ ಇದೆ. ಕಾಗೆಯನ್ನು ಮತ್ತೊಂದು ಹಕ್ಕಿಯ ಪಕ್ಕದಲ್ಲಿ ನಿಲ್ಲಿಸಿ ತೂಗಿದ ಬರಹಗಳು ಹೆಚ್ಚಾಗಿ ಅದನ್ನು ಕೀಳುಗಳೆದಿವೆ. ಅದು ಏನು ಮಾಡುತ್ತದೆ ಎಂದು ನೋಡಿದ ಬರಹಗಳು ಅದರ ಮರ್ಯಾದೆಯನ್ನು ಉಳಿಸಿವೆ. ಇದನ್ನು ಕೆಲವು ಪ್ರಸಿದ್ಧ ಕೃತಿಗಳ ಮೂಲಕ ಪರೀಕ್ಷಿಸುವುದು ನಮ್ಮ ಉದ್ದೇಶ.

ವಿಷಯ ನಮಗೆ ಕೇವಲ ಪಾಂಡಿತ್ಯದ್ದಲ್ಲ. ನಾವು ಶಾಲೆಯಲ್ಲಿದ್ದಾಗ ದಕ್ಷಿಣದ ಊರೊಂದರಲ್ಲಿ ನಡೆದ ಕನ್ನಡ ಭಾಷಣ ಸ್ಪರ್ಧೆಗೆ ನಾಲ್ವರು ಹೋಗಿದ್ದೆವು. ನಮ್ಮಲ್ಲಿ ಚೆನ್ನಾಗಿ ಮಾತನಾಡುತ್ತಿದ್ದವಳು ಒಬ್ಬ ಹುಡುಗಿ. ಮೈಬಣ್ಣ ಕಪ್ಪು, ಮಾತು ನಮ್ಮ ಸೀಮೆಯದು. ಅವಳು ಮುಗಿಸಿದ ಮೇಲೆ ತೀರ್ಪುಗಾರರೊಬ್ಬರು, “ವಿಷಯವೇನೋ ಚೆನ್ನಾಗಿತ್ತು, ಆದರೆ ಕೋಗಿಲೆಗಳ ನಡುವೆ ಕಾಗೆ ಕೂಗಿದಂತಾಯಿತು” ಎಂದರು. ಸಭೆ ನಕ್ಕಿತು. ನಾಚಿಕೆಯಿಂದ ತಲೆ ತಗ್ಗಿಸಿದ ನಾವೂ ಅವಳ ಪರವಾಗಿ ಏಳಲಿಲ್ಲ. ಆಕೆ ಮತ್ತೆಂದೂ ವೇದಿಕೆಯ ಮೇಲೆ ಕನ್ನಡದಲ್ಲಿ ಮಾತನಾಡಿದ್ದನ್ನು ನಾವು ಕಾಣೆವು. ಇಂದು ಆಕೆಯ ಮಕ್ಕಳಿಗೆ ಕನ್ನಡ ಬಾರದು. ಅದಕ್ಕೆ ಕಾರಣ ಆ ಒಂದು ಮಾತೇ ಎಂದು ನಾವು ಹೇಳಲಾರೆವು. ಆದರೆ ಆ ಮಾತು ಎಲ್ಲಿಂದ ಬಂತು ಎಂದು ಬಲ್ಲೆವು. ಕಾಗೆಯೂ ಕಪ್ಪು, ಕೋಗಿಲೆಯೂ ಕಪ್ಪು, ವಸಂತ ಬಂದಾಗ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ ಎಂಬ ಅರ್ಥದ ಸುಭಾಷಿತವೊಂದನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ತೀರ್ಪುಗಾರರೂ ಮಾಡಿದ್ದಿರಬೇಕು.

ಆ ಸುಭಾಷಿತವನ್ನೇ ಮೊದಲು ವಿಚಾರಿಸೋಣ. ಅದು ಪರೀಕ್ಷೆಯನ್ನು ನಡೆಸುವ ರೀತಿ ವಿಚಿತ್ರವಾಗಿದೆ. ಇಬ್ಬರು ಅಭ್ಯರ್ಥಿಗಳು, ಒಂದೇ ವಿಷಯ, ಅದೂ ಕೋಗಿಲೆಗೆ ಅನುಕೂಲವಾದ ವಿಷಯ, ಅದೂ ಕೋಗಿಲೆಗೆ ಅನುಕೂಲವಾದ ಋತುವಿನಲ್ಲಿ. ಗೂಡು ಕಟ್ಟುವ ಪರೀಕ್ಷೆಯನ್ನು ಅದೇ ವಸಂತದಲ್ಲಿ ಇಟ್ಟಿದ್ದರೆ ಫಲಿತಾಂಶ ತಲೆಕೆಳಗಾಗುತ್ತಿತ್ತು, ಏಕೆಂದರೆ ಕೋಗಿಲೆ ಗೂಡನ್ನೇ ಕಟ್ಟುವುದಿಲ್ಲ. ಇನ್ನೊಂದು ಸ್ವಾರಸ್ಯವಿದೆ. ಪಕ್ಷಿಶಾಸ್ತ್ರದ ವರ್ಗೀಕರಣದಲ್ಲಿ ಹಾಡುಹಕ್ಕಿಗಳ ಗುಂಪಿಗೆ ಸೇರುವುದು ಕಾಗೆ, ಕೋಗಿಲೆಯಲ್ಲ. ಕೋಗಿಲೆಯ ಕುಟುಂಬವೇ ಬೇರೆ. ಅಲ್ಲದೆ ‘ಕುಹೂ’ ಎಂದು ಕೂಗುವುದು ಕಪ್ಪುಮೈಯ ಗಂಡು ಕೋಗಿಲೆ. ಹೆಣ್ಣು ಕಂದುಬಣ್ಣದ ಮೈಮೇಲೆ ಬಿಳಿಚುಕ್ಕೆಗಳನ್ನು ಹೊತ್ತು ಎಲೆಗಳ ಮರೆಯಲ್ಲಿರುತ್ತದೆ. ಕೋಗಿಲೆಯ ಇಂಚರವನ್ನು ಹೆಣ್ಣಿನ ಕಂಠಕ್ಕೆ ಹೋಲಿಸಿದ ಕವಿಗಳು ಹಕ್ಕಿಯನ್ನು ನೋಡದೆ ಹಿಂದಿನ ಕವಿಗಳನ್ನು ಓದಿ ಬರೆದರು. ಕವಿಸಮಯಕ್ಕೆ ಅದರದೇ ಸೊಬಗಿದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಕವಿಸಮಯವನ್ನು ಹಿಡಿದು ಮನುಷ್ಯರನ್ನು ಅಳೆಯಲು ಹೊರಟಾಗ ಅದು ಅನ್ಯಾಯವಾಗುತ್ತದೆ.

ಸಂಸ್ಕೃತದ ಕವಿಗಳು ಮಾಡಿದ ಅನ್ಯಾಯವನ್ನು ಸಂಸ್ಕೃತದ ನಿಘಂಟು ತಕ್ಕಮಟ್ಟಿಗೆ ಸರಿಪಡಿಸಿದೆ ಎನ್ನಬೇಕು. ಅಮರಕೋಶದಲ್ಲಿ ಕಾಗೆಗೆ ಕೊಟ್ಟ ಹೆಸರುಗಳಲ್ಲಿ ‘ಆತ್ಮಘೋಷ’ ಎಂದರೆ ತನ್ನ ಹೆಸರನ್ನು ತಾನೇ ಕೂಗುವುದು. ‘ಬಲಿಪುಷ್ಟ’ ಎಂದರೆ ಬಲಿಯ ಅನ್ನದಿಂದ ಪುಷ್ಟವಾದುದು. ಅಲ್ಲಿಯೇ ‘ಪರಭೃತ್’ ಎಂಬ ಹೆಸರೂ ಇದೆ, ಅಂದರೆ ಪರರನ್ನು ಸಾಕುವುದು. ಕೋಗಿಲೆಯ ಹೆಸರು ‘ಪರಭೃತ’, ಪರರಿಂದ ಸಾಕಲ್ಪಟ್ಟದ್ದು. ಒಂದು ಅಕ್ಷರದ ಅಂತ್ಯದಲ್ಲಿ ಸಾಕಿದವಳಿಗೂ ಸಾಕಿಸಿಕೊಂಡವಳಿಗೂ ಇರುವ ವ್ಯತ್ಯಾಸವನ್ನು ನಿಘಂಟುಕಾರ ಹಿಡಿದಿಟ್ಟಿದ್ದಾನೆ. ಕವಿಗಳು ‘ಪರಭೃತ’ವನ್ನು ಬಾಯಿತುಂಬ ಬಳಸಿದರು, ‘ಪರಭೃತ್’ ನಿಘಂಟಿನಲ್ಲಿಯೇ ಉಳಿಯಿತು.

ಕಾಳಿದಾಸನು ಈ ವಿಷಯದಲ್ಲಿ ಎಚ್ಚರದ ಕವಿ. ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನು ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ನಿರಾಕರಿಸುವಾಗ ಕೋಗಿಲೆಯ ದೃಷ್ಟಾಂತವನ್ನು ಕೊಡುತ್ತಾನೆ. ಹೆಣ್ಣಿಗೆ ಕಲಿಸದೆಯೇ ಕಪಟ ಬರುತ್ತದೆ, ಕೋಗಿಲೆ ತನ್ನ ಮರಿ ಹಾರುವ ತನಕ ಬೇರೆ ಹಕ್ಕಿಯಿಂದ ಅದನ್ನು ಸಾಕಿಸಿಕೊಳ್ಳುವುದಿಲ್ಲವೇ ಎಂಬುದು ಅವನ ವಾದದ ತಾತ್ಪರ್ಯ. ಇಲ್ಲಿ ಇಂಚರದ ಹಕ್ಕಿಯೇ ಮೋಸದ ಉದಾಹರಣೆಯಾಗಿದೆ. ಆದರೆ ಈ ಮಾತನ್ನು ಆಡುವವನು ಮರೆವಿಗೆ ಸಿಕ್ಕಿದ ರಾಜ. ಅವನ ಆರೋಪ ಸುಳ್ಳೆಂದು ಪ್ರೇಕ್ಷಕರಿಗೆ ಆಗಲೇ ಗೊತ್ತು. ಹಕ್ಕಿಯ ಹೆಸರಿನಲ್ಲಿ ಮನುಷ್ಯರ ಗುಣವನ್ನು ನಿರ್ಣಯಿಸುವವನು ತಪ್ಪಿಬೀಳುತ್ತಾನೆಂದು ಕಾಳಿದಾಸ ನಾಟಕದ ರಚನೆಯಲ್ಲಿಯೇ ತೋರಿಸಿದ್ದಾನೆ.

‘ಯಾರು ಹೇಳಿದರು’ ಎಂಬ ಈ ಪ್ರಶ್ನೆಯನ್ನು ಹಿಡಿದು ಮಹಾಭಾರತದ ಕರ್ಣಪರ್ವಕ್ಕೆ ಬಂದರೆ ಮತ್ತೊಂದು ಪ್ರಸಂಗ ಹೊಸ ಬೆಳಕಿನಲ್ಲಿ ಕಾಣುತ್ತದೆ. ಶಲ್ಯನು ಕರ್ಣನಿಗೆ ಹಂಸ ಮತ್ತು ಕಾಗೆಯ ಕಥೆಯನ್ನು ಹೇಳುತ್ತಾನೆ. ಸಮುದ್ರತೀರದ ಶ್ರೀಮಂತ ವೈಶ್ಯನೊಬ್ಬನ ಮಕ್ಕಳ ಎಂಜಲನ್ನುಂಡು ಕೊಬ್ಬಿದ ಕಾಗೆ, ತನಗೆ ನೂರೊಂದು ಬಗೆಯ ಹಾರಾಟಗಳು ಗೊತ್ತೆಂದು ಹಂಸಗಳ ಮುಂದೆ ಜಂಬ ಕೊಚ್ಚುತ್ತದೆ. ಒಂದೇ ಬಗೆಯ ಹಾರಾಟವನ್ನು ಬಲ್ಲ ಹಂಸದೊಡನೆ ಕಡಲ ಮೇಲೆ ಹಾರಿ, ದಣಿದು, ನೀರಿಗೆ ಬೀಳುತ್ತದೆ. ಕೊನೆಗೆ ಹಂಸವೇ ಅದನ್ನು ಎತ್ತಿ ದಡಕ್ಕೆ ತರುತ್ತದೆ. ಕಥೆ ಮುಗಿಸಿ ಶಲ್ಯನು, ನೀನೂ ಧೃತರಾಷ್ಟ್ರನ ಮಕ್ಕಳ ಎಂಜಲುಂಡು ಬೆಳೆದ ಕಾಗೆ ಎನ್ನುತ್ತಾನೆ. ಕಥೆಯಲ್ಲಿ ಅಹಂಕಾರದ ನೀತಿ ಇರುವುದು ನಿಜ. ಆದರೆ ಹೇಳುವವನು ಯಾರು? ಯುದ್ಧದಲ್ಲಿ ಕರ್ಣನ ತೇಜಸ್ಸನ್ನು ಕುಂದಿಸುತ್ತೇನೆಂದು ಯುಧಿಷ್ಠಿರನಿಗೆ ಮೊದಲೇ ಮಾತು ಕೊಟ್ಟವನು. ಕೇಳುವವನು ಯಾರು? ಸೂತನ ಮನೆಯಲ್ಲಿ, ಹೆರವರ ಗೂಡಿನಲ್ಲಿ, ಬೆಳೆದವನು. ‘ಎಂಜಲುಂಡ ಕಾಗೆ’ ಎಂಬ ಮಾತು ಹಾರಾಟದ ಕುರಿತಾದದ್ದಲ್ಲ, ಹುಟ್ಟಿನ ಕುರಿತಾದದ್ದು. ಕರ್ಣನನ್ನು ಎದೆಗೆ ಹಚ್ಚಿಕೊಂಡ ಪಂಪನನ್ನು ಓದಿ ಬೆಳೆದ ಕನ್ನಡಿಗರಿಗೆ ಈ ಅವಮಾನದ ಬಿಸಿ ತಾಕದೆ ಇರದು. ಕಾಗೆಯ ಅಪಕೀರ್ತಿಯ ದೊಡ್ಡ ಸಾಕ್ಷಿಗಳಲ್ಲಿ ಒಬ್ಬನಾದ ಶಲ್ಯ ಇಲ್ಲಿ ಪಕ್ಷಪಾತಿಯಾದ ಸಾಕ್ಷಿ.

ಕಾಗೆಯ ಬುದ್ಧಿಯನ್ನು ಮನಸಾರೆ ಒಪ್ಪಿಕೊಂಡ ಗ್ರಂಥ ಪಂಚತಂತ್ರ. ನಮ್ಮ ದುರ್ಗಸಿಂಹನು ೧೧ನೆಯ ಶತಮಾನದಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದು, ವಸುಭಾಗಭಟ್ಟನ ಪರಂಪರೆಯ ಪಂಚತಂತ್ರವನ್ನು ಚಂಪೂರೂಪದಲ್ಲಿ ಕನ್ನಡಕ್ಕೆ ತಂದನು. ವಿಷ್ಣುಶರ್ಮನ ಹೆಸರಿನಲ್ಲಿ ಪ್ರಚಾರದಲ್ಲಿರುವ ಸಂಸ್ಕೃತ ಪಾಠದ ಮೂರನೆಯ ತಂತ್ರ ಪೂರ್ತಿಯಾಗಿ ಕಾಗೆ ಗೂಗೆಗಳ ಯುದ್ಧಕ್ಕೆ ಮೀಸಲು. ರಾತ್ರಿ ಗೂಗೆಗಳ ದಾಳಿಗೆ ತತ್ತರಿಸಿದ ಕಾಗೆಗಳ ಅರಸ ಮೇಘವರ್ಣನು ಮಂತ್ರಿಗಳ ಸಭೆ ಕರೆಯುತ್ತಾನೆ. ವೃದ್ಧಮಂತ್ರಿ ಸ್ಥಿರಜೀವಿಯು ತನ್ನ ಗರಿಗಳನ್ನು ಕೀಳಿಸಿಕೊಂಡು, ಮೈಗೆ ರಕ್ತ ಬಳಿಸಿಕೊಂಡು, ಸ್ವಪಕ್ಷದಿಂದ ಹೊರದೂಡಲ್ಪಟ್ಟವನಂತೆ ಮರದ ಕೆಳಗೆ ಬಿದ್ದಿರುತ್ತಾನೆ. ಗೂಗೆಗಳ ಮಂತ್ರಿ ರಕ್ತಾಕ್ಷನೊಬ್ಬ ಎಚ್ಚರಿಸಿದರೂ ಅವುಗಳ ಅರಸ ಅವನಿಗೆ ಆಶ್ರಯ ಕೊಡುತ್ತಾನೆ. ಗೂಡು ಕಟ್ಟುವ ನೆಪದಲ್ಲಿ ಗುಹೆಯ ಬಾಯಿಗೆ ಕಡ್ಡಿಗಳನ್ನು ಒಟ್ಟಿದ ಸ್ಥಿರಜೀವಿ ಒಂದು ಹಗಲು ಕಾಗೆಗಳಿಂದ ಅದಕ್ಕೆ ಬೆಂಕಿ ಹಾಕಿಸುತ್ತಾನೆ.

ಈ ಕಥೆಯಲ್ಲಿ ತಾಳ್ಮೆ, ಕಾಲಜ್ಞಾನ, ವೈರಿಯ ದೌರ್ಬಲ್ಯದ ಅರಿವು ಎಲ್ಲವೂ ಇವೆ. ಆದರೂ ಆಶ್ರಯ ಕೊಟ್ಟವರನ್ನು ಸುಟ್ಟ ಬುದ್ಧಿಯನ್ನು ಓದುಗನು ಮೆಚ್ಚಬಲ್ಲನೇ ಹೊರತು ಪ್ರೀತಿಸಲಾರ. ಇದು ರಾಜನೀತಿಗೆ ಬೇಕಾದ ಬುದ್ಧಿ. ಅರಸುಮಕ್ಕಳಿಗೆ ಪಾಠ ಹೇಳುವ ಗ್ರಂಥ ಕಾಗೆಯಲ್ಲಿ ಅದನ್ನೇ ಹುಡುಕಿತು, ಅದನ್ನೇ ಕಂಡಿತು. ಆದರೆ ಅದೇ ಪಂಚತಂತ್ರದಲ್ಲಿ ಇನ್ನೊಂದು ಕಾಗೆಯೂ ಇದೆಯೆಂಬುದನ್ನು ನಾವು ಮರೆಯುತ್ತೇವೆ. ಬಲೆಗೆ ಬಿದ್ದ ಪಾರಿವಾಳಗಳನ್ನು ಇಲಿಯೊಂದು ಬಿಡಿಸಿದ್ದನ್ನು ಕಂಡ ಲಘುಪತನಕ ಎಂಬ ಕಾಗೆ ಆ ಇಲಿಯ ಬಿಲದ ಬಾಗಿಲಿಗೆ ಹೋಗಿ ಸ್ನೇಹವನ್ನು ಬೇಡುತ್ತದೆ. ನೀನು ತಿನ್ನುವವನು, ನಾನು ತಿನಿಸು, ನಮ್ಮೊಳಗೆ ಸ್ನೇಹವೆಂತು ಎಂದು ಇಲಿ ಕೇಳಿದರೂ ಕಾಗೆ ಬಾಗಿಲು ಬಿಟ್ಟು ಕದಲುವುದಿಲ್ಲ. ಸ್ಥಿರಜೀವಿ ವಿಶ್ವಾಸವನ್ನು ಆಯುಧ ಮಾಡಿಕೊಂಡರೆ ಲಘುಪತನಕ ವಿಶ್ವಾಸಕ್ಕಾಗಿ ಕಾದು ಕುಳಿತ. ಕಾಗೆಗೆ ಬುದ್ಧಿಯ ಕೀರ್ತಿ ಬಂದಾಗಲೂ ಜನಮನಸ್ಸು ಅದನ್ನು ‘ಜಾಣ’ ಎನ್ನದೆ ‘ಚಾಲಾಕಿ’ ಎಂದದ್ದರಲ್ಲಿ, ಒಬ್ಬನನ್ನು ನೆನೆದು ಇನ್ನೊಬ್ಬನನ್ನು ಮರೆತ ನಮ್ಮ ಓದಿನ ಪಾಲೂ ಇದೆ.

ಪಂಚತಂತ್ರದ ಅರಮನೆಯಿಂದ ಹೊರಗೆ ಬಂದು, ಅಂಗಳದ ಕಾಗೆಯನ್ನು ಕಂಡವರು ೧೨ನೆಯ ಶತಮಾನದ ನಮ್ಮ ವಚನಕಾರರು. ಸೊನ್ನಲಿಗೆಯ ಸಿದ್ಧರಾಮರ ನೆಲದಲ್ಲಿ ಬಾಳುವ ನಮಗೆ ಬಸವಣ್ಣನವರ ಕಾಗೆಯ ವಚನ ಕಂಠಸ್ಥ. ಒಂದು ಅಗುಳನ್ನು ಕಂಡ ಕಾಗೆ ತನ್ನ ಬಳಗವನ್ನು ಕರೆಯುತ್ತದೆ, ಕುಟುಕನ್ನು ಕಂಡ ಕೋಳಿ ತನ್ನ ಕುಲವನ್ನು ಕೂಗುತ್ತದೆ, ಭಕ್ತನಾದವನಲ್ಲಿ ಆ ಪಕ್ಷವೂ ಇಲ್ಲದಿದ್ದರೆ ಅವನು ಅವುಗಳಿಗಿಂತ ಕೀಳು ಎಂಬುದು ಅದರ ಭಾವ. ಇಲ್ಲಿ ಬಣ್ಣದ ಮಾತಿಲ್ಲ, ದನಿಯ ಮಾತಿಲ್ಲ, ಹಂಸ ಕೋಗಿಲೆಗಳ ಹೋಲಿಕೆಯಿಲ್ಲ. ಕಾಗೆ ಮಾಡುವ ಒಂದು ಕೆಲಸವಿದೆ. ಕವಿಗಳಿಗೆ ಕರ್ಕಶವೆನಿಸಿದ ಅದೇ ಕೂಗು ಇಲ್ಲಿ ಊಟದ ಕರೆಯಾಗಿದೆ. ದನಿ ಇಂಪೋ ಅಲ್ಲವೋ ಎಂದು ಬಸವಣ್ಣನವರು ಕೇಳಲಿಲ್ಲ. ಅದು ಯಾರಿಗಾಗಿ ಎಂದು ಕೇಳಿದರು.

ಆದರೂ ವಿಮರ್ಶಕನು ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ವಚನದ ಕೊನೆಯ ಪೆಟ್ಟು ಬೀಳಬೇಕಾದರೆ ಕಾಗೆ ಕೋಳಿಗಳು ಕೀಳೆಂದು ಕೇಳುಗನು ಮೊದಲೇ ಒಪ್ಪಿರಬೇಕು. ‘ಅಂಥ ಕಾಗೆಯೂ ಸಹ’ ಎಂಬ ಧಾಟಿಯಲ್ಲಿಯೇ ಬೈಗುಳದ ಬಲವಿದೆ. ಬಸವಣ್ಣನವರು ಲೋಕದ ಆ ಮೆಟ್ಟಿಲುಗಳನ್ನು ಅಳಿಸಲಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ಕುಳಿತವನನ್ನು ಕೆಳಗಿಳಿಸಿದರು. ಹಾಗಿದ್ದರೂ ಕಾಗೆಯನ್ನು ಮನುಷ್ಯನಿಗೆ ಗುರುವಾಗಿಸಿದ್ದು ಸಣ್ಣ ಮಾತಲ್ಲ. ತಾಳವಾಡಿ, ಹೊಸೂರುಗಳ ನಮ್ಮ ಬಂಧುಗಳು ತಿರುಕ್ಕುರಳಿನಲ್ಲಿಯೂ ಇಂಥದೇ ಕಾಗೆಯನ್ನು ಕಂಡಿರುತ್ತಾರೆ. ಸಿಕ್ಕಿದ್ದನ್ನು ಬಚ್ಚಿಡದೆ ಕರೆದು ಉಣ್ಣುವ ಕಾಗೆಯ ಗುಣವುಳ್ಳವರಿಗೇ ಸಿರಿ ಒಲಿಯುತ್ತದೆ ಎಂದು ತಿರುವಳ್ಳುವರ್, ಬಂಧುಗಳನ್ನು ಪಾಲಿಸುವ ಅಧ್ಯಾಯದಲ್ಲಿ ಹೇಳುತ್ತಾನೆ. ಅಲ್ಲಿ ‘ಕಾಗೆಯೂ ಸಹ’ ಎಂಬ ಧಾಟಿ ಇಲ್ಲ, ‘ಕಾಗೆಯಂತೆ’ ಎಂಬ ಧಾಟಿಯಿದೆ.

ಬಸವಣ್ಣನವರ ಕಾಲದಿಂದ ನೂರು ವರ್ಷಕ್ಕೆ ಸ್ವಲ್ಪ ಹೆಚ್ಚು ಮುಂದೆ ಬಂದರೆ, ನಮ್ಮ ಇನ್ನೊಂದು ಭಾಷೆಯಲ್ಲಿ ಸಂತ ಜ್ಞಾನೇಶ್ವರರ ಕಾಗೆ ಕೂಗುತ್ತದೆ. ಆಚೆ ದಡದಲ್ಲಿ ಕಾಗೆಯೊಂದು ಕೂಗಿ ಶುಭಶಕುನ ಹೇಳುತ್ತಿದೆ ಎಂದು ವಿರಹಿಣಿಯೊಬ್ಬಳು ಹಾಡುವ ಆ ಅಭಂಗ ಸೊಲ್ಲಾಪುರದ ಯಾವ ಮನೆಗೆ ತಿಳಿಯದು? ಪಂಢರಿಯ ಒಡೆಯ ಬರುವನೆಂದು ಹೇಳಿದರೆ ನಿನ್ನ ಕಾಲಿಗೆ ಚಿನ್ನ ಕಟ್ಟಿಸುವೆ, ಮೊಸರನ್ನದ ತುತ್ತು ಇಡುವೆ, ಹಾಲಿನ ಬಟ್ಟಲು ತುಂಬುವೆ ಎಂದು ಅವಳು ಕಾಗೆಯನ್ನು ಬೇಡುತ್ತಾಳೆ. ವಿರಹದ ಕಾವ್ಯದಲ್ಲಿ ಹಂಸವೋ ಮೋಡವೋ ದೂತನಾಗುವುದು ಕಾವ್ಯದ ರೂಢಿ. ಇಲ್ಲಿ ದೂತನ ಗೌರವ ಕಾಗೆಗೆ ದೊರೆತಿದೆ, ಮತ್ತು ಅದಕ್ಕೆ ಕಾರಣ ಅದರ ಕೂಗೇ. ಮನೆಯ ಮುಂದೆ ಕಾಗೆ ಕೂಗಿದರೆ ನೆಂಟರು ಬರುತ್ತಾರೆಂದು ನಮ್ಮ ಅವ್ವಂದಿರು ಹೇಳುತ್ತಿದ್ದ ನಂಬಿಕೆಯನ್ನೇ ಜ್ಞಾನೇಶ್ವರರು ದೇವರ ಬರವಿನ ತನಕ ಎತ್ತಿದರು. ಒಂದು ಕಾಗೆ ಬಳಗವನ್ನು ಕರೆಯಿತು, ಇನ್ನೊಂದು ಬರುವವನ ಸುದ್ದಿ ತಂದಿತು. ನಮ್ಮ ಎರಡು ಭಾಷೆಗಳ ಇಬ್ಬರು ಹಿರಿಯರೂ ಆ ದನಿಗೆ ಕಿವಿ ಮುಚ್ಚಿಕೊಳ್ಳಲಿಲ್ಲ.

ಇಂದಿನ ವಿಜ್ಞಾನಿಗಳು ಹೇಳುವುದೇನು ಎಂದು ಇಲ್ಲಿ ಕೇಳುವುದು ಸಹಜ. ೨೦೦೨ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಬೆಟ್ಟಿ ಎಂಬ ನ್ಯೂ ಕ್ಯಾಲಿಡೋನಿಯಾದ ಕಾಗೆ ನೇರವಾದ ತಂತಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಕೊಳವೆಯೊಳಗಿನ ತಿನಿಸಿನ ಪುಟ್ಟ ಬಕೆಟನ್ನು ಮೇಲಕ್ಕೆತ್ತಿದ್ದು ಲೋಕಪ್ರಸಿದ್ಧವಾಯಿತು. ಅದರ ಜಾತಿಯ ಕಾಡಿನ ಕಾಗೆಗಳೂ ಕಡ್ಡಿಗಳನ್ನು ಬಗ್ಗಿಸಬಲ್ಲವೆಂದು ಮುಂದೆ ತಿಳಿದು, ಬೆಟ್ಟಿಯ ಸಾಧನೆಯ ಅರ್ಥ ಸ್ವಲ್ಪ ಬದಲಾಯಿತು. ೨೦೦೯ರಲ್ಲಿ ಕೇಂಬ್ರಿಜ್‌ನಲ್ಲಿ ರೂಕ್ ಎಂಬ ಜಾತಿಯ ಕಾಗೆಗಳು ಕೊಳವೆಯೊಳಗೆ ಕಲ್ಲು ಹಾಕಿ ನೀರನ್ನು ಏರಿಸಿ, ತೇಲುತ್ತಿದ್ದ ಹುಳುವನ್ನು ತಿಂದವು. ಈಸೋಪನ ಹೂಜಿಯ ಕಥೆ ಪ್ರಯೋಗಶಾಲೆಯಲ್ಲಿ ನಿಜವಾಯಿತು. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್ಲಫ್ ಮತ್ತು ಸಂಗಡಿಗರು ೨೦೦೬ರಲ್ಲಿ ಮುಖವಾಡ ಧರಿಸಿ ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ಹಾಕಿ ಬಿಟ್ಟರು. ವರ್ಷಗಳ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಬೈದಟ್ಟಿದವು. ಹಿಡಿಸಿಕೊಳ್ಳದ ಕಾಗೆಗಳೂ ಬೈಯುವುದನ್ನು ಕಲಿತವು. ಇವೆಲ್ಲ ನಮ್ಮ ಅಂಗಳದ ಊರುಕಾಗೆಯ ಮೇಲೆ ನಡೆದ ಪ್ರಯೋಗಗಳಲ್ಲ, ಅದರ ದಾಯಾದಿಗಳ ಮೇಲೆ ನಡೆದವು ಎಂಬುದನ್ನು ನೆನಪಿಡಬೇಕು. ಒಂದು ಜಾತಿಯ ಕೀರ್ತಿಯನ್ನು ಇನ್ನೊಂದಕ್ಕೆ ಕಟ್ಟುವುದೂ ಕವಿಸಮಯದಂಥದೇ ತಪ್ಪು.

ಬಸವಣ್ಣನವರ ಕಾಗೆಗೆ ಹತ್ತಿರವಾದ ಸಂಶೋಧನೆ ಬರ್ಂಡ್ ಹೈನ್‌ರಿಶ್ ಅವರದು. ಅಮೆರಿಕದ ಮೇಯ್ನ್ ರಾಜ್ಯದ ಚಳಿಯ ಕಾಡಿನಲ್ಲಿ ರೇವನ್ ಎಂಬ ದೊಡ್ಡ ಕಾಗೆಗಳು ಸತ್ತ ಪ್ರಾಣಿಯನ್ನು ಕಂಡಾಗ ಕೂಗಿ ಇತರರನ್ನು ಕರೆಯುವುದೇಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಅವರು ವರ್ಷಗಟ್ಟಲೆ ಹಿಮದಲ್ಲಿ ಕುಳಿತು ಉತ್ತರ ಹುಡುಕಿದರು. ಆ ಜಾಗ ಒಂದು ಬಲಿಷ್ಠ ಜೋಡಿಯ ಸೀಮೆಯಾಗಿರುತ್ತದೆ. ಒಂಟಿಯಾಗಿ ಬಂದ ಎಳೆಯ ಹಕ್ಕಿಯನ್ನು ಆ ಜೋಡಿ ಓಡಿಸುತ್ತದೆ. ಅನೇಕರನ್ನು ಕರೆದರೆ ಮಾತ್ರ ಎಳೆಯದಕ್ಕೂ ಪಾಲು ಸಿಗುತ್ತದೆ. ಹಾಗಾದರೆ ಕರೆದು ಉಣ್ಣುವುದು ಸ್ವಾರ್ಥವೇ ಎಂದು ಕೆಲವರು ಮೂಗು ಮುರಿಯಬಹುದು. ನಮಗೆ ಹಾಗೆ ತೋರುವುದಿಲ್ಲ. ದುರ್ಬಲನಿಗೆ ಬಳಗವೇ ಬಲವೆಂದು ಅರಿತು ಕೂಗುವುದರಲ್ಲಿ ಬುದ್ಧಿಯೂ ಉಂಟು, ಬಾಂಧವ್ಯವೂ ಉಂಟು. ಗಡಿಯಾಚೆಯ ಸಣ್ಣ ಊರುಗಳಲ್ಲಿ ಸಂಘ ಕಟ್ಟಿ, ಮನೆಮನೆಗೆ ಹೋಗಿ ಕರೆದು, ವರ್ಷಕ್ಕೊಮ್ಮೆ ಪೆಂಡಾಲಿನ ಕೆಳಗೆ ಸೇರುವ ನಮಗೆ ಈ ಕೂಗಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೋಗಿಲೆಯಿಂದ ಮೋಸಹೋಗುವ ಕಾಗೆ ಬುದ್ಧಿವಂತ ಹೇಗಾದೀತು ಎಂಬ ಆಕ್ಷೇಪವೂ ಹಳೆಯದೇ. ಕೋಗಿಲೆಯ ಮೊಟ್ಟೆ ಕಾಗೆಯ ಮೊಟ್ಟೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಅನುಮಾನದಿಂದ ಹೊರದೂಡಿದರೆ ತನ್ನದೇ ಮೊಟ್ಟೆ ಒಡೆಯುವ ಭಯವಿದೆ. ಯುರೋಪಿನ ಕುಕ್ಕೂ ಹಕ್ಕಿಯ ಮರಿ ಸಾಕುತಾಯಿಯ ಮರಿಗಳನ್ನು ಗೂಡಿನಿಂದ ಹೊರಗೆ ತಳ್ಳಿಬಿಡುತ್ತದೆ. ನಮ್ಮ ಕೋಗಿಲೆಯ ಮರಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಕಾಗೆಮರಿಯೂ ಕೋಗಿಲೆಮರಿಯೂ ಒಂದೇ ಗೂಡಿನಲ್ಲಿ ಬೆಳೆಯುವುದುಂಟು. ಇದನ್ನು ದಡ್ಡತನವೆಂದು ಕರೆಯುವ ಮೊದಲು, ಶಾಲೆಯ ಭಾಷೆಯನ್ನೂ ಮನೆಯ ಭಾಷೆಯನ್ನೂ ಒಂದೇ ಮಡಿಲಲ್ಲಿ ಸಾಕಿದ ನಮ್ಮ ತಾಯಂದಿರನ್ನು ಒಮ್ಮೆ ನೆನೆಯಬೇಕು.

ಇನ್ನು ನಮ್ಮ ಮನೆಗಳೊಳ್ಗಿನ ಸಾಹಿತ್ಯಕ್ಕೆ ಬರೋಣ. ಕಾಗಕ್ಕ ಗುಬ್ಬಕ್ಕನ ಕಥೆ ಕನ್ನಡದಲ್ಲಿಯೂ ಇದೆ, ಮರಾಠಿಯಲ್ಲಿಯೂ ಇದೆ. ಮರಾಠಿಯ ರೂಪದಲ್ಲಿ ಗುಬ್ಬಿಯ ಮನೆ ಮೇಣದ್ದು, ಕಾಗೆಯ ಮನೆ ಸಗಣಿಯದು. ಮಳೆಗೆ ಕಾಗೆಯ ಮನೆ ಕೊಚ್ಚಿಹೋಗುತ್ತದೆ. ನೆನೆದು ಬಂದ ಕಾಗೆ ಬಾಗಿಲು ಬಡಿದರೆ, ಗುಬ್ಬಿ ಒಳಗಿನಿಂದಲೇ “ತಡಿ, ಕೂಸಿಗೆ ಎರೀಲಿಕ್ಹತ್ತೀನಿ” ಎನ್ನುತ್ತದೆ. ಮತ್ತೆ ಬಡಿದರೆ ಮತ್ತೊಂದು ನೆಪ. ಕಥೆ ಕೇಳುವ ಕೂಸು ನಗುತ್ತದೆ. ಮಳೆಯಲ್ಲಿ ನಿಂತವರನ್ನು ಕಂಡು ನಗುವುದನ್ನು ನಾವು ತೊಡೆಯ ಮೇಲೆ ಕೂರಿಸಿಕೊಂಡೇ ಕಲಿಸುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ. ನಿಜವಾದ ಕಾಗೆ ಮರದ ತುದಿಯಲ್ಲಿ ಕಡ್ಡಿಗಳ ಜೊತೆಗೆ, ಪಟ್ಟಣವಾದರೆ ತಂತಿಯ ತುಂಡುಗಳನ್ನೂ ಹೆಣೆದು ಗಾಳಿಮಳೆಗೆ ನಿಲ್ಲುವ ಗೂಡನ್ನು ಕಟ್ಟುತ್ತದೆ. ಕಥೆಯನ್ನು ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಗುಬ್ಬಿ ಮೊದಲ ಬಡಿತಕ್ಕೇ ಬಾಗಿಲು ತೆರೆದರೆ ಮುಂದೇನಾಗುತ್ತಿತ್ತು ಎಂದು ಕೂಸನ್ನು ಕೇಳಬಹುದು.

ಹತ್ತನೆಯ ದಿನದ ಪಿಂಡದ ಮುಂದೆ ಮಾತ್ರ ನಾವೆಲ್ಲ ಕಾಗೆಗೆ ಕೈಮುಗಿದು ನಿಲ್ಲುತ್ತೇವೆ. ರಾವಣನಿಗೆ ಅಂಜಿ ಕಾಗೆಯ ರೂಪದಲ್ಲಿ ಅಡಗಿದ ಯಮನು, ಪಿತೃಗಳಿಗಿಟ್ಟ ಅನ್ನವನ್ನು ನೀನುಂಡರೆ ಅವರು ತೃಪ್ತರಾಗುವರೆಂದು ಅದಕ್ಕೆ ವರವಿತ್ತನೆಂದು ರಾಮಾಯಣದ ಉತ್ತರಕಾಂಡ ಹೇಳುತ್ತದೆ. ಭೀಮೆಯ ದಂಡೆಯಲ್ಲಿ ನಮ್ಮ ಸೋದರಮಾವನ ಪಿಂಡವನ್ನು ಕಾಗೆ ಬಹಳ ಹೊತ್ತು ಮುಟ್ಟಲಿಲ್ಲ. ಹಿರಿಯರೊಬ್ಬರು, “ಸಣ್ಣ ಮಗಳ ಲಗ್ನದ ಚಿಂತಿ ಇದ್ದೀತು, ಮಾತು ಕೊಡ್ರಿ” ಎಂದರು. ಅವರ ತಮ್ಮ ಮುಂದೆ ಬಂದು, “ಅಣ್ಣಾ, ಅದರ ಭಾರ ನನ್ನದು” ಎಂದು ನಮಸ್ಕರಿಸಿ ಹಿಂದೆ ಸರಿದ. ಎಲ್ಲರೂ ಸರಿದೆವು. ಕಾಗೆ ಇಳಿದು ಬಂತು. ಜನ ಹಿಂದೆ ಸರಿದದ್ದರಿಂದ ಧೈರ್ಯಗೊಂಡು ಬಂತೆಂದು ಹೇಳಬಹುದು. ಎಚ್ಚರದ ಹಕ್ಕಿ ಅದು. ಆದರೆ ಆ ಮಾತು ಕೊಟ್ಟವನು ಅದನ್ನು ನಡೆಸಿದ. ವರ್ಷವಿಡೀ ಕಲ್ಲು ಬೀಸಿ ಓಡಿಸುವ ಹಕ್ಕಿಯ ಮುಂದೆ ಒಂದು ದಿನ ನಾವು ಸತ್ಯವನ್ನು ನುಡಿಯುತ್ತೇವೆ ಎಂಬುದು ಯೋಚಿಸತಕ್ಕ ಸಂಗತಿ.

ಕಾಗೆಯನ್ನು ಯಾವ ಹಕ್ಕಿಯ ಪಕ್ಕದಲ್ಲಿಯೂ ನಿಲ್ಲಿಸದೆ, ಶಕುನವನ್ನೂ ಕೇಳದೆ, ಸುಮ್ಮನೆ ನೋಡಿದವರಲ್ಲಿ ಮೈಸೂರಿನಲ್ಲಿ ಹುಟ್ಟಿ ಬೆಳೆದು ಮುಂಬಯಿಯಲ್ಲಿ ದುಡಿದು ೨೦೧೫ರಲ್ಲಿ ಪುಣೆಯಲ್ಲಿ ತೀರಿಕೊಂಡ ಆರ್.ಕೆ. ಲಕ್ಷ್ಮಣರು ಮುಖ್ಯರು. ರಾಜಕಾರಣಿಗಳನ್ನು ಚಿತ್ರಿಸಿ ಹೆಸರಾದ ಅವರು ಬಾಲ್ಯದಿಂದ ಕೊನೆಯ ತನಕ ಕಾಗೆಯನ್ನು ಬಿಡದೆ ಬರೆದರು. ಅವರ ಕಾಗೆಗಳು ಕತ್ತು ವಾಲಿಸಿ ನೋಡುತ್ತವೆ, ಜಗಳವಾಡುತ್ತವೆ, ಯೋಚಿಸುತ್ತ ಕೂರುತ್ತವೆ. ಕಪ್ಪು ಅಲ್ಲಿ ಕೊರತೆಯಲ್ಲ. ಚಿತ್ರವನ್ನು ಹಿಡಿದು ನಿಲ್ಲಿಸುವ ಬಣ್ಣ. ಕನ್ನಡದಲ್ಲಿ ಹಕ್ಕಿಯನ್ನು ಹಕ್ಕಿಯಾಗಿಯೇ ನೋಡುವ ರೂಢಿಯನ್ನು ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಹಕ್ಕಿಗಳ ಪುಸ್ತಕಗಳಿಂದ ಬೆಳೆಸಿದರು. ಇಂಥ ನೋಟ ಹರಡಿದಷ್ಟೂ ‘ಕಾಗೆಯಂತೆ’ ಎಂಬ ಬೈಗುಳದ ಬಲ ಕುಗ್ಗುತ್ತದೆ.

ಅಂದು ಆ ಸಭೆಯಲ್ಲಿ ನಾವು ಏಳಲಿಲ್ಲವೆಂದು ಹೇಳಿದೆವು. ಆಗ ನಮಗೆ ಸುಭಾಷಿತವೊಂದು ಮಾತ್ರ ಗೊತ್ತಿತ್ತು, ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಉತ್ತರವು ಬಸವಣ್ಣನವರಲ್ಲಿ, ಜ್ಞಾನೇಶ್ವರರಲ್ಲಿ, ಅಮರಕೋಶದ ಒಂದು ಮರೆತ ಹೆಸರಿನಲ್ಲಿ ಆಗಲೂ ಇತ್ತು. ನಮ್ಮ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಕಲಿಸಿದರೆ, ಇನ್ನೊಬ್ಬ ಹುಡುಗಿ ಹಾಗೆ ತಲೆ ತಗ್ಗಿಸಿ ವೇದಿಕೆಯಿಂದ ಇಳಿಯಬೇಕಾಗುವುದಿಲ್ಲ. ಈ ಸಮ್ಮೇಳನದ ಮಕ್ಕಳ ಗೋಷ್ಠಿಯಲ್ಲಿ ನಮ್ಮ ಸೀಮೆಯ ಉಚ್ಚಾರದಲ್ಲಿಯೇ, ಮರಾಠಿಯ ಛಾಯೆಯಲ್ಲಿಯೇ ಕನ್ನಡ ಕೇಳಿಸುವುದು. ದನಿ ಇಂಪಾಯಿತೇ ಎಂದು ತೂಗುವ ಮೊದಲು, ಆ ಕೂಸು ಯಾರನ್ನು ಕರೆಯುತ್ತಿದೆ ಎಂದು ಕೇಳಿಸಿಕೊಳ್ಳಬೇಕೆಂದು ತೀರ್ಪುಗಾರರಾಗಿ ಕೂರುವ ಹಿರಿಯರಲ್ಲಿ ನಮ್ಮ ವಿನಂತಿ. ಆಕೆ ಕರೆಯುತ್ತಿರುವುದು ನಮ್ಮನ್ನೇ.